ಹಿತ್ತಿಲಲ್ಲಿ ಉಳಿದ ಗೆಳೆಯ

ಮನೆ ಬದಲಾಯಿಸುವವರು ಪಾತ್ರೆ ಪಡಗಗಳನ್ನು ಗಾಡಿಗೆ ಹೇರುತ್ತಾರೆ. ಪೆಟ್ಟಿಗೆ, ಮಂಚ, ತೊಟ್ಟಿಲುಗಳನ್ನು ಹಗ್ಗದಿಂದ ಬಿಗಿಯುತ್ತಾರೆ. ದೇವರ ಪಟವನ್ನು ಎದೆಗವಚಿಕೊಂಡು ಹೊರಡುತ್ತಾರೆ. ಗಾಡಿಗೆ ಹೇರಲಾಗದ್ದು ಒಂದೇ ಒಂದು: ಹಿತ್ತಿಲಿನ ಮೂಲೆಯಲ್ಲಿ ಮಣ್ಣಾದ ಸಾಕುನಾಯಿ. ಅದಕ್ಕಾಗಿ ಕಣ್ಣೀರಿಡಲು ಹಿರಿಯರಿಗೆ ಸಂಕೋಚ. ಮಕ್ಕಳು ಮಾತ್ರ ಗಾಡಿಯ ಹಿಂಬದಿಯಲ್ಲಿ ಕುಳಿತು ತಿರುತಿರುಗಿ ನೋಡುತ್ತಾರೆ.

ಈ ಸಂಕೋಚವನ್ನರಿಯದ ಹಿರಿಯನೊಬ್ಬನು ಸ್ಕಾಟ್ಲೆಂಡಿನಲ್ಲಿದ್ದನು. ಅವನು ‘ಐವನ್‌ಹೋ’ ಕಾದಂಬರಿಯ ಕರ್ತೃ ಸರ್ ವಾಲ್ಟರ್ ಸ್ಕಾಟ್. ನ್ಯಾಯಾಲಯದ ಕೆಲಸವಿರುವ ತಿಂಗಳುಗಳಲ್ಲಿ ಅವನ ವಾಸ ಎಡಿನ್‌ಬರೋ ನಗರದ ಕ್ಯಾಸಲ್ ಬೀದಿಯ ಮನೆಯಲ್ಲಿ. ಉಳಿದ ಕಾಲವೆಲ್ಲ ಟ್ವೀಡ್ ನದಿಯ ದಂಡೆಯ ಆಷಸ್ಟೀಲ್ ಎಂಬ ಬಾಡಿಗೆ ಮನೆಯಲ್ಲಿ. ಎರಡು ಕಡೆಯೂ ಅವನ ನೆರಳಿನಂತಿದ್ದುದು ಬುಲ್ ಟೆರಿಯರ್ ಜಾತಿಯ ನಾಯಿ. ಅದರ ಹೆಸರು ಕ್ಯಾಂಪ್. 1808ರಲ್ಲಿ ಚಿತ್ರಕಾರ ರೇಬರ್ನ್ ಬರೆದ ಸ್ಕಾಟನ ಭಾವಚಿತ್ರದಲ್ಲಿಯೂ ಅದು ಯಜಮಾನನ ಕಾಲ ಬಳಿಯೇ ಇದೆ.

ಕ್ಯಾಂಪ್ ಒಮ್ಮೆ ರೊಟ್ಟಿ ತಂದ ಬೇಕರಿಯವನನ್ನು ಕಚ್ಚಿತು. ಸ್ಕಾಟನು ಅದಕ್ಕೆ ಏಟು ಕೊಟ್ಟು, ಮಾಡಿದ ತಪ್ಪನ್ನು ಬಿಡಿಸಿ ಹೇಳಿದನು. ಅಂದಿನಿಂದ ಆ ಪ್ರಸ್ತಾಪ ಬಂದರೆ ಸಾಕು, ಯಾವ ದನಿಯಲ್ಲಿ ಹೇಳಿದರೂ ನಾಯಿ ತಲೆ ತಗ್ಗಿಸಿ ಕೋಣೆಯ ಕತ್ತಲ ಮೂಲೆ ಸೇರುತ್ತಿತ್ತು. ‘ಪಾಪ, ಅವನಿಗೇನೂ ಪೆಟ್ಟಾಗಲಿಲ್ಲವಂತೆ’ ಎಂದರೆ ಕುಣಿಯುತ್ತ ಈಚೆಗೆ ಬರುತ್ತಿತ್ತು. ಮುಪ್ಪಡಸಿ ಕುದುರೆಯ ಹಿಂದೆ ಓಡಲಾರದೆ ಮನೆಯಲ್ಲಿಯೇ ಉಳಿಯಬೇಕಾದಾಗ, ಊಟಕ್ಕೆ ಮೇಜು ಅಣಿಮಾಡುತ್ತಿದ್ದ ಸೇವಕನು ‘ಕ್ಯಾಂಪ್, ಯಜಮಾನರು ಹೊಳೆಯ ಕಡೆಯಿಂದ ಬರುತ್ತಿದ್ದಾರೆ’ ಎಂದೋ ‘ಗುಡ್ಡದ ಕಡೆಯಿಂದ ಬರುತ್ತಿದ್ದಾರೆ’ ಎಂದೋ ಹೇಳುವನು. ಆ ರೋಗಿ ನಾಯಿ ಮೆಲ್ಲನೆದ್ದು, ಹೇಳಿದ ದಿಕ್ಕಿನ ಬಾಗಿಲಿಗೇ ಹೋಗಿ, ಕಾಲು ನಡೆದಷ್ಟು ದೂರ ಯಜಮಾನನನ್ನು ಎದುರುಗೊಳ್ಳುತ್ತಿತ್ತು.

1809ರ ಜನವರಿಯ ಸುಮಾರಿಗೆ ಕ್ಯಾಂಪ್ ಎಡಿನ್‌ಬರೋದಲ್ಲಿ ಸತ್ತಿತು. ಅಂದು ಸ್ಕಾಟನಿಗೆ ಹೊರಗೆ ಊಟದ ಆಮಂತ್ರಣವಿದ್ದಿತು. ಆಪ್ತನಾದ ಹಳೆಯ ಗೆಳೆಯನೊಬ್ಬನು ತೀರಿಕೊಂಡುದರಿಂದ ಬರಲಾಗದೆಂದು ಅವನು ಹೇಳಿಕಳುಹಿಸಿದನು. ಆ ಗೆಳೆಯನು ಯಾರೆಂದು ಮರುದಿನ ತಿಳಿದಾಗ, ಕರೆದವನು ಅಚ್ಚರಿಪಡಲಿಲ್ಲ. ಅವನು ಸ್ಕಾಟನನ್ನು ಬಲ್ಲವನು. ಬೆಳುದಿಂಗಳ ರಾತ್ರಿಯಲ್ಲಿ, ಸ್ಕಾಟನು ಕುಳಿತು ಬರೆಯುತ್ತಿದ್ದ ಕಿಟಕಿಗೆ ನೇರ ಎದುರಾಗಿ, ಹಿತ್ತಿಲಿನ ಪುಟ್ಟ ತೋಟದಲ್ಲಿ ಕ್ಯಾಂಪ್‌ನನ್ನು ಮಣ್ಣುಮಾಡಿದರು. ಸುತ್ತ ನಿಂತ ಮನೆಮಂದಿಯೆಲ್ಲ ಅಳುತ್ತಿದ್ದರು. ಸ್ಕಾಟನು ತಾನೇ ಬಾಗಿ ಗುಳಿಯ ಮೇಲಿನ ಹುಲ್ಲುಹೆಂಟೆಯನ್ನು ಸಮಮಾಡಿದನು. ತಂದೆಯ ಮುಖದಲ್ಲಿ ಅಷ್ಟು ದುಃಖವನ್ನು ಅದುವರೆಗೆ ಕಂಡಿರಲಿಲ್ಲವೆಂದು ಮಗಳು ಸೋಫಿಯಾ ಮುಂದೆ ನೆನೆಯುತ್ತಿದ್ದಳೆಂದು ಅವಳ ಪತಿ ಲಾಕ್‌ಹರ್ಟ್ ಸ್ಕಾಟನ ಜೀವನಚರಿತ್ರೆಯಲ್ಲಿ ಬರೆದಿದ್ದಾನೆ.

1811ರಲ್ಲಿ ಸ್ಕಾಟನು ಟ್ವೀಡ್ ನದಿಯ ದಂಡೆಯಲ್ಲಿಯೇ ಒಂದು ಹೊಲಮನೆಯನ್ನು ಕೊಂಡು, ಅದಕ್ಕೆ ಆಬಟ್ಸ್‌ಫರ್ಡ್ ಎಂದು ಹೆಸರಿಟ್ಟನು. 1812ರ ಮೇ ತಿಂಗಳಲ್ಲಿ ಆಷಸ್ಟೀಲ್‌ನಿಂದ ಅಲ್ಲಿಗೆ ಸಂಸಾರ ಹೊರಟಿತು. ಗಾಡಿಗಳಲ್ಲಿ ಹಳೆಯ ಕತ್ತಿ, ಬಿಲ್ಲು, ಗುರಾಣಿ, ಭರ್ಜಿಗಳು. ಯಾವನೋ ವೀರನ ಶಿರಸ್ತ್ರಾಣದೊಳಗೆ ಟರ್ಕಿ ಕೋಳಿಗಳ ಸಂಸಾರ. ಹಸುಗಳ ಬೆನ್ನ ಮೇಲೆ ಧ್ವಜಗಳೂ ಬಂದೂಕುಗಳೂ. ಮೀನು ಹಿಡಿಯುವ ಕೋಲುಗಳನ್ನು ಹೊತ್ತ ಹಳ್ಳಿಯ ಮಕ್ಕಳು ಬೇಟೆನಾಯಿಗಳನ್ನು ನಡೆಸಿಕೊಂಡು ಬಂದರು. ನೆರೆಹೊರೆಯವರು ನಕ್ಕರು, ಸ್ಕಾಟನೂ ನಕ್ಕನು. ಆ ಮೆರವಣಿಗೆಯಲ್ಲಿ ಕ್ಯಾಂಪ್ ಒಂದು ಇರಲಿಲ್ಲ.

ಹೊಸ ಮನೆ ಒಂದೇ ದಿನದಲ್ಲಿ ಮನೆಯಾಗಲಿಲ್ಲ. ಕಲ್ಲುಕುಟಿಗರ, ಬಡಗಿಗಳ ಸದ್ದಿನ ನಡುವೆ, ಕುರ್ಚಿಯ ಹಿಂದೆ ಹಳೆಯ ಮಂಚದ ಪರದೆಯೊಂದನ್ನು ಮೊಳೆ ಹೊಡೆದು ಕಟ್ಟಿಸಿ, ಅದರ ಮರೆಯಲ್ಲಿ ಸ್ಕಾಟನು ಕಾವ್ಯ ಬರೆದನು. ಗಿಡ ನೆಡಿಸಿದನು, ಕೋಣೆಗೆ ಕೋಣೆ ಸೇರಿಸಿದನು. ಅಲ್ಲಿಗೆ ಕಾಣಿಕೆಯಾಗಿ ಬಂದ ಮೈಡಾ ಎಂಬ ದೊಡ್ಡ ಬೇಟೆನಾಯಿ ಅವನ ಹೊಸ ಸಂಗಾತಿಯಾಯಿತು. ಮನೆಗೆ ಬಂದ ಚಿತ್ರಕಾರರೆಲ್ಲ ಅದರ ಚಿತ್ರ ಬರೆದು ಬರೆದು, ಬಣ್ಣದ ಹಲಗೆ ಕಂಡೊಡನೆ ಅದು ಎದ್ದು ಹೋಗುವಂತಾಗಿತ್ತು. ನಾಯಿಗಳ ಆಯುಸ್ಸು ಕಿರಿದಾಗಿರುವುದು ಮನುಷ್ಯರ ಮೇಲಿನ ಕರುಣೆಯಿಂದಲೇ ಎಂದು ಸ್ಕಾಟನು 1822ರಲ್ಲಿ ಒಂದು ಪತ್ರದಲ್ಲಿ ಬರೆದನು. ಹತ್ತು ಹನ್ನೆರಡು ವರ್ಷದ ಒಡನಾಟ ಮುರಿದಾಗಲೇ ಇಷ್ಟು ಸಂಕಟ. ಅದರ ಇಮ್ಮಡಿ ಕಾಲ ಜೊತೆಗಿದ್ದರೆ ಏನು ಗತಿ ಎಂಬುದು ಅವನ ತರ್ಕ. ಮನೆಯ ಕಟ್ಟಡ ಪೂರ್ಣವಾದ 1824ರಲ್ಲಿಯೇ ಮೈಡಾ ಕಣ್ಣು ಮುಚ್ಚಿತು. ಅದನ್ನು ಬಾಗಿಲ ಬಳಿಯಲ್ಲಿ, ಅದರದೇ ಶಿಲಾಪ್ರತಿಮೆಯ ಕೆಳಗೆ ಮಣ್ಣುಮಾಡಿದರು.

ಬಳಿಕ ಕೆಟ್ಟ ಕಾಲ ಬಂದಿತು. ಸ್ಕಾಟನು ಪಾಲುಗಾರನಾಗಿದ್ದ ಮುದ್ರಣಾಲಯ 1826ರ ಆರಂಭದಲ್ಲಿ ದಿವಾಳಿಯೆದ್ದು, ಲಕ್ಷ ಪೌಂಡಿಗೂ ಮಿಕ್ಕ ಸಾಲ ಅವನ ತಲೆಯ ಮೇಲೆ ಬಿದ್ದಿತು. ಈ ಆಪತ್ತಿನ ಸುಳಿವು ಸಿಕ್ಕ 1825ರ ಡಿಸೆಂಬರಿನ ಒಂದು ದಿನ, ಆಬಟ್ಸ್‌ಫರ್ಡನ್ನು ಬಿಡಬೇಕಾದೀತೆಂಬ ಭೀತಿಯಲ್ಲಿ ಅವನು ದಿನಚರಿ ಬರೆಯಲು ಕುಳಿತನು. ಮರ್ಯಾದೆಯ ಚಿಂತೆ, ಹಣದ ಚಿಂತೆ ಎಲ್ಲವನ್ನೂ ಬರೆದನು. ಆದರೆ ಅವೆಲ್ಲಕ್ಕಿಂತ ತನ್ನ ಮನಸ್ಸನ್ನು ಕಲಕಿದುದು ಮೂಕಪ್ರಾಣಿಗಳನ್ನು ಅಗಲುವ ಯೋಚನೆ ಎಂದು ಒಪ್ಪಿಕೊಂಡನು. ತನ್ನನ್ನು ಹುಡುಕುತ್ತ ಕೊರಗುವ ನಾಯಿಗಳ ದನಿ ಅವನ ಕಿವಿಗೆ ಆಗಲೇ ಕೇಳಿಸಿತು. ಅವುಗಳಿಗೆ ಕರುಣೆಯುಳ್ಳ ಯಜಮಾನರನ್ನು ಹುಡುಕಬೇಕೆಂದು ನಿಶ್ಚಯಿಸಿದನು.

ಆಬಟ್ಸ್‌ಫರ್ಡಿನ ವಾಸ ಅವನಿಗೆ ಉಳಿಯಿತು. ಕ್ಯಾಸಲ್ ಬೀದಿಯ ಮನೆ ಉಳಿಯಲಿಲ್ಲ. 1826ರ ಮಾರ್ಚ್ 15ರಂದು ಅವನು ಅದನ್ನು ಕಡೆಯ ಬಾರಿಗೆ ಬಿಟ್ಟು ಹೊರಟನು. ಬರೆಯುವ ಕಿಟಕಿಯೂ ಅದರೆದುರಿನ ಹಸುರು ತುಂಡು ನೆಲವೂ ಪರರ ಪಾಲಾದುವು. ಎರಡು ತಿಂಗಳಲ್ಲಿ ಪತ್ನಿಯೂ ತೀರಿಕೊಂಡಳು. ಸಾಲ ತೀರಿಸುವುದಕ್ಕಾಗಿ ಅವನು ಬರೆದೇ ಬರೆದನು, ದೇಹ ಕುಗ್ಗಿತು. ಆರೋಗ್ಯವನ್ನರಸಿ ಮಾಲ್ಟಾಕ್ಕೂ ನೇಪಲ್ಸಿಗೂ ಹೋಗಿ, ನೆನಪು ಮಬ್ಬಾದ ಸ್ಥಿತಿಯಲ್ಲಿ 1832ರ ಜುಲೈ 11ರಂದು ಮನೆಗೆ ಮರಳಿದನು. ಕುರ್ಚಿಯಲ್ಲಿ ಕೂರಿಸಿದೊಡನೆ ನಾಯಿಗಳೆಲ್ಲ ಸುತ್ತುವರಿದು ಅವನ ಕೈಗಳನ್ನು ನೆಕ್ಕತೊಡಗಿದುವು. ಅವನು ಒಮ್ಮೆ ನಕ್ಕನು, ಒಮ್ಮೆ ಬಿಕ್ಕಿದನು. ತನ್ನ ಮನೆ ಸೇರಿದೆನೆಂಬ ಅರಿವು ಅವನಿಗೆ ಆ ಸ್ಪರ್ಶದಲ್ಲಿ ದೊರೆತಿರಬೇಕು. ಆ ಸೆಪ್ಟೆಂಬರ್ 21ರಂದು, ತೆರೆದ ಕಿಟಕಿಯಿಂದ ಟ್ವೀಡ್ ನದಿಯ ಸದ್ದು ಕೇಳಿಬರುತ್ತಿರಲು, ಅದೇ ಮನೆಯಲ್ಲಿ ಅವನ ಪ್ರಾಣ ಹೋಯಿತು.

ಎಡಿನ್‌ಬರೋದ ಸ್ಮಾರಕದಲ್ಲಿರುವ ಸ್ಕಾಟನ ಅಮೃತಶಿಲೆಯ ಪ್ರತಿಮೆಯ ಪಕ್ಕದಲ್ಲಿ ಮೈಡಾ ಕುಳಿತಿದೆ. ಆದರೆ ಮೈಡಾ ಬಂದುದರಿಂದ ಕ್ಯಾಂಪ್ ಮರೆತುಹೋಗಲಿಲ್ಲ. ಕ್ಯಾಂಪ್‌ಗಾಗಿ ಅತ್ತುದರಿಂದ ಮೈಡಾಕ್ಕೆ ಪ್ರೀತಿ ಕಡಿಮೆಯಾಗಲೂ ಇಲ್ಲ. ಹೊಸ ಮನೆಗೆ ಬಂದ ಮಗುವೊಂದು ಹಳೆಯ ಹಿತ್ತಿಲನ್ನು ನೆನೆದು ಊಟ ಬೇಡವೆಂದು ಕುಳಿತರೆ, ಗದರಿಸಹೊರಟ ಹಿರಿಯರು ಸ್ಕಾಟನು ತಪ್ಪಿಸಿಕೊಂಡ ಆ ಒಂದು ಔತಣವನ್ನು ನೆನೆಯಬಹುದು. ಇನ್ನೊಂದು ನಾಯಿಮರಿಯ ಮಾತನ್ನು ಅಂದೇ ಎತ್ತಬೇಕಾಗಿಲ್ಲ. ಮೊದಲು ಆ ಮಗುವಿನ ಬಳಿ ಕುಳಿತು, ಹಳೆಯ ನಾಯಿಯ ಕತೆಯನ್ನು ಅದರ ಬಾಯಿಂದಲೇ ಕೇಳಿದರೆ ಸಾಕು.