ಗುಜರಿಗೆ ಹಾಕೋ ಮುಂಚೆ ಮನೆ ಹೆಂಗಸರನ್ನ ಒಂದು ಮಾತು ಕೇಳಿ

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆ ಮನೇಲಿ ಒಂದು ಹಳೇ ಸಾಮಾನು ಮಾರ್ಬೇಕು ಅಂದ್ರೆ ಎರಡು ತರ ಐತೆ ನೋಡಿ. ಹಿತ್ತಾಳೆ ಕೊಳದಪ್ಪಲೆ, ತಾಮ್ರದ ಹಂಡೆ ಕೊಡೋದಾದ್ರೆ ಮನೆ ಹೆಂಗಸರೆಲ್ಲ ಸೇರ್ಕೊಂಡು ನಾಲ್ಕು ದಿನ ಮಾತಾಡ್ತೀವಿ. ಅದೇ ಕೊಟ್ಟಿಗೇಲಿರೋ ಹಳೇ ಎಂಜಿನ್ನು, ಮೋಟಾರು, ಜೀಪು ಆದ್ರೆ ನಮ್ಮನ್ನ ಕೇಳೋರೇ ಇಲ್ಲ. ಗಾಡಿ ಬಂದು ಹೊತ್ಕೊಂಡು ಹೋದ್ಮೇಲೆ ಜಾಗ ಖಾಲಿ ಆಗಿರೋದು ನೋಡಿ ನಮಗೆ ಗೊತ್ತಾಗೋದು. ಇದು ಸರಿ ಅಲ್ಲ ಅನ್ನೋದೇ ಇವತ್ತು ನಾನು ಹೇಳ್ಬೇಕು ಅಂತಿರೋದು.

ಈ ಯೋಚನೆ ನನ್ನ ತಲೇಲಿ ಕೂತಿದ್ದು ಗುಜರಿ ನೋಡಿದ ಮೇಲೆ. ಕೊರಟಗೆರೇಲಿರೋ ನನ್ನ ತಮ್ಮನ ಹತ್ರ ನಮ್ಮಪ್ಪನ ಕಾಲದ ಜೀಪು ಒಂದೈತೆ. ಅದರ ಕಾರ್ಬೊರೇಟರ್ ಹೋಗಿತ್ತು. ಹೊಸದು ಎಲ್ಲೂ ಸಿಗಲಿಲ್ಲ, ಗುಜರೀಲಿ ಹುಡುಕೋಣ ಅಂತ ಹೊರಟ. ನಾನೂ ಸಿರಾ ಕಡೆ ಹೋಗೋದಿತ್ತು, ಜೊತೇಲಿ ಹೋದೆ. “ಅಕ್ಕಾ, ನೀನು ಗಾಡೀಲೇ ಕೂತಿರು, ಒಳಗೆಲ್ಲ ಎಣ್ಣೆ, ತಗಡು” ಅಂದ. ಬಿಸಿಲಲ್ಲಿ ಎಷ್ಟೊತ್ತು ಕೂತಿರೋದು? ಸೀರೆ ಎತ್ತಿ ಸಿಗಿಸ್ಕೊಂಡು ನಾನೂ ಒಳಗೆ ಹೋದೆ.

ಅಲ್ಲಿರೋದು ನೋಡಿದ್ರೆ ನಮ್ಮ ಸೀಮೆ ಚರಿತ್ರೇನೇ ರಾಶಿ ಹಾಕಿದಂಗಿತ್ತು. ಅಂಬಾಸಿಡರ್ ಕಾರಿನ ಬಾಗಿಲುಗಳು ಒಂದರ ಮೇಲೊಂದು. ನಾವೆಲ್ಲ ಫಿಯಟ್ ಅಂತಿದ್ದ ಪದ್ಮಿನಿ ಕಾರಿನ ಮೂತಿ. ಮೂತಿ ಮುಂದಕ್ಕೆ ಚಾಚಿರೋ ಹಳೇ ಲಾರಿ. ಅದರ ಹಿಂದೆ ಜಾಲಿ ಗಿಡ ಬೆಳೆದು ಮುಚ್ಚಿರೋ ಜೀಪು. ಬಾನೆಟ್ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ವಿಲ್ಲಿಸ್’ ಅಂತ ಉಬ್ಬಿಸಿ ಬರೆದಿತ್ತು, ತುಕ್ಕು ಹಿಡಿದ್ರೂ ಓದ್ಬೋದಿತ್ತು. ತಮ್ಮ ಅದನ್ನ ಸವರಿದ ರೀತಿ ನೋಡ್ಬೇಕಿತ್ತು, ಕಳೆದೋಗಿದ್ದ ಕರ ಸಿಕ್ಕಿದಂಗೆ.

ಅವನೇ ಹೇಳಿದ, ವಿಲ್ಲಿಸ್ ಅನ್ನೋದು ಅಮೆರಿಕದ ಕಂಪನಿ ಅಂತೆ. ಎರಡನೇ ಮಹಾಯುದ್ಧಕ್ಕೆ ಅವರೂ ಫೋರ್ಡ್‌ನೋರೂ ಸೇರಿ 6 ಲಕ್ಷಕ್ಕೂ ಮೇಲೆ ಜೀಪು ಮಾಡಿದ್ರಂತೆ. ನಾಲ್ಕು ಸಿಲಿಂಡರು, 60 ಕುದುರೆ ಶಕ್ತಿ. ಯುದ್ಧ ಮುಗಿದ ಮೇಲೆ 1940ರ ದಶಕದ ಕೊನೇಲಿ ಬೊಂಬಾಯಿನ ಮಹೀಂದ್ರದೋರು ಬಿಡಿ ಸಾಮಾನು ತರಿಸ್ಕೊಂಡು ಇಲ್ಲೇ ಜೋಡಿಸೋಕೆ ಶುರು ಮಾಡಿದ್ರು. ಅದಕ್ಕೂ ಮುಂಚೆ 1928ರಲ್ಲೇ ಬೊಂಬಾಯಲ್ಲಿ ಷೆವರ್ಲೆ ಜೋಡಿಸೋ ಕಾರ್ಖಾನೆ ಇತ್ತು. ಪ್ರೀಮಿಯರ್ ಕಂಪನಿಯೋರು ಡಾಡ್ಜ್, ಪ್ಲಿಮತ್ ಕಾರು ಜೋಡಿಸ್ತಿದ್ರು. ಸ್ವಾತಂತ್ರ್ಯ ಬಂದ್ಮೇಲೆ ಸರ್ಕಾರ, ಬರೀ ಜೋಡಿಸೋದು ಬ್ಯಾಡ, ಪೂರ್ತಿ ಇಲ್ಲೇ ತಯಾರು ಮಾಡಿ ಅಂತು. 1954ರ ಹೊತ್ತಿಗೆ ಷೆವರ್ಲೆಯೋರು ಬಾಗಿಲು ಹಾಕಿದ್ರು. ಬಿಡಿ ಸಾಮಾನು ಸಿಗದೆ ಅಮೆರಿಕದ ದೊಡ್ಡ ಕಾರುಗಳು ಒಂದೊಂದೇ ಮೂಲೆ ಸೇರಿದ್ವು. ಜೀಪು ಮಾತ್ರ ಇಲ್ಲೇ ತಯಾರಾಗೋಕೆ ಶುರುವಾಗಿ ಉಳ್ಕೊಂತು. ಪೆಟ್ರೋಲ್ ರೇಟು ಏರಿದ ಮೇಲೆ ಎಷ್ಟೋ ಜನ ಅದರ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಹಾಕಿಸಿದ್ರು. ಕಿತ್ತಿದ್ದೆಲ್ಲ ಬಂದಿದ್ದು ಇಂಥಾ ಗುಜರಿಗೇ.

ಸರಿ, ತಮ್ಮ ಅಲ್ಲಿ ಮಂಡಿಯೂರಿ ಕೂತ. ನಾನು ಸುಮ್ನೆ ಹಿಂದುಗಡೆ ಹೋದೆ. ಅಲ್ಲಿ ಗೋಡೆ ಉದ್ದಕ್ಕೂ ಆಯಿಲ್ ಎಂಜಿನ್ನುಗಳು. ಬಾವಿಗೆ ಇಕ್ತಿದ್ವಲ್ಲ, ಡುಬ್ ಡುಬ್ ಅನ್ನೋವು, ಅವೇ. ಎಷ್ಟು ಅಂತ ಎಣಿಸೋಕೂ ಮನಸ್ಸಾಗಲಿಲ್ಲ. ಒಂದರ ಚಕ್ರದ ಮೇಲೆ ಆಯುಧ ಪೂಜೇಲಿ ಹಚ್ಚಿದ್ದ ಅರಿಶಿನ ಕುಂಕುಮ ಇನ್ನೂ ಹಂಗೇ ಇತ್ತು. ಒಣಗಿದ ಹೂವಿನ ನಾರು ಸುತ್ಕೊಂಡಿತ್ತು. ಯಾರೋ ನಮ್ಮಂಥ ಹೆಂಗಸೇ ಕಟ್ಟಿದ ಹೂವು.

ಕಿರಿಯರಿಗೆ ಗೊತ್ತಿರಲಿ ಅಂತ ಹೇಳ್ತೀನಿ. ಮುಂಚೆ ನಮ್ಮಲ್ಲಿ ತಲಪರಿಗೆ ನೀರು, ಕಪಿಲೆ ಬಾವಿ. ಎತ್ತು ಹಿಂದಕ್ಕೆ ಮುಂದಕ್ಕೆ ನಡೆದು ನಡೆದು ನೀರೆತ್ತೋದು. ಆಮೇಲೆ ಆಯಿಲ್ ಎಂಜಿನ್ ಬಂತು. ಕಿರ್ಲೋಸ್ಕರ್ ಅಂತ ಹೆಸರು ಕೇಳಿರ್ತೀರ. ಆ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆ ಗುರ್ಲಹೊಸೂರಲ್ಲಿ. ಅವರ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೇಲಿ ಶುರುವಾಯ್ತು. ಈ ಎಂಜಿನ್ ಜೊತೆ ಬರೋ ಪಂಪು ಸುಮಾರು 25 ಅಡಿಗಿಂತ ಕೆಳಗಿನ ನೀರನ್ನ ಎಳೆಯಲ್ಲ. ಅದಕ್ಕೇ ಬಾವಿ ನೀರು ಇಳಿದಂಗೆಲ್ಲ ಒಳಗೆ ಕಟ್ಟೆ ಮಾಡಿ ಎಂಜಿನ್ನನ್ನೇ ಕೆಳಕ್ಕಿಳಿಸ್ತಿದ್ರು. ಕೊನೆಗೆ ಬಾವೀನೇ ಬತ್ತೋಯ್ತು. ಕರೆಂಟು ಬಂತು, ಬೋರು ಬಂತು, ನೂರಾರು ಅಡಿ ಕೆಳಗೆ ಮೋಟಾರು ಬಿಡೋ ಕಾಲ ಬಂತು. ಎಂಜಿನ್ ಕೆಟ್ಟೋಗಿ ಗುಜರಿಗೆ ಬರಲಿಲ್ಲ ಕಣ್ರಮ್ಮ, ನೀರು ಅದರ ಕೈಗೆ ಸಿಗದಂಗೆ ಕೆಳಗೆ ಹೋಯ್ತು, ಅದಕ್ಕೆ ಬಂತು.

ಆ ಎಂಜಿನ್ ಬಂದಿದ್ದು ಯಾವ ದುಡ್ಡಲ್ಲಿ? ನಮ್ಮ ಮನೇಲಿ ಅತ್ತೆಮ್ಮನ ಕಾಸಿನ ಸರ ಗಿರವಿ ಇಟ್ಟು ತಂದ್ರು. ಆ ವರ್ಷ ಮಳೆ ಹೋಯ್ತು, ಕಡ್ಲೇಕಾಯಿ ಕೈಗೆ ಹತ್ತಲಿಲ್ಲ, ಸರ ಬಿಡಿಸ್ಕೊಳ್ಳೋಕೆ ಆಗಲಿಲ್ಲ. ಅತ್ತೆಮ್ಮ ಕರಿಮಣಿ ಒಂದರಲ್ಲೇ ಇದ್ರು. ನಿಮ್ಮ ಮನೇಲೂ ಕೇಳಿ ನೋಡಿ. ಯಾರದೋ ಓಲೆ, ಯಾರದೋ ಡಾಬು, ಯಾರೋ ತವರಿಂದ ತಂದ ಹಸು, ಏನಾದ್ರೂ ಒಂದು ಅದರೊಳಗೆ ಹೋಗಿರ್ತೈತೆ. ನಮ್ಮ ಬಂಗಾರ ಹೋಗಿ ಕಬ್ಬಿಣ ಆಯ್ತು. ಆ ಕಬ್ಬಿಣ ಕೆಜಿ ಲೆಕ್ಕದಲ್ಲಿ ಹೋಗೋ ದಿನ ನಮಗೆ ಒಂದು ಮಾತೂ ಇಲ್ಲ ಅಂದ್ರೆ ಹೆಂಗೆ?

ದೊಡ್ಡೋರ ಕಾರಿಗೆ ಜಾಗ ಐತೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದೋರು ಹಳೇ ಕಾರುಗಳನ್ನ ನೋಡಿರ್ತೀರ. ಶ್ರೀರಂಗಪಟ್ಟಣದ ಹತ್ರ 2023ರಲ್ಲಿ ‘ಪಯಣ’ ಅಂತ ಕಾರುಗಳದ್ದೇ ಒಂದು ಶುರುವಾಗೈತೆ. 2021ರಲ್ಲಿ ಕೇಂದ್ರ ಸರ್ಕಾರ ಕಾನೂನೂ ಮಾಡ್ತು. 50 ವರ್ಷ ದಾಟಿದ, ಮೂಲ ರೂಪ ಕೆಡಿಸದೆ ಇಟ್ಕೊಂಡಿರೋ ಕಾರು, ಬೈಕನ್ನ ವಿಂಟೇಜ್ ಅಂತ 20,000 ರೂಪಾಯಿ ಕಟ್ಟಿ ನೋಂದಾಯಿಸ್ಬೋದು. ಸಂತೋಷ. ಆದ್ರೆ ರಾಜರು ಕೂತ ಕಾರು ಉಳೀಬೇಕು, ನಮಗೆ ಅನ್ನ ಕೊಟ್ಟ ಎಂಜಿನ್ನು ಕುಲುಮೆಗೆ ಹೋಗ್ಬೇಕು ಅಂತ ಯಾವ ನ್ಯಾಯ?

ನಮ್ಮೆಜಮಾನ್ರು ಇದಕ್ಕೆ ಅಂದ್ರು, “ಎಲ್ಲಾ ಇಟ್ಕೊಂಡು ಏನ್ಮಾಡ್ತೀಯ? ಇಲಿ ಹೆಗ್ಗಣ ಸೇರ್ಕೊಳ್ಳೋಕಾ?” ಅಂತ. ಅವರ ಮಾತಲ್ಲೂ ನ್ಯಾಯ ಐತೆ. ಕೊಟ್ಟಿಗೆ ಚಿಕ್ಕದು, ಮಕ್ಕಳ ಫೀಸು ದೊಡ್ಡದು. ಗುಜರಿಯೋರೂ ಕಷ್ಟ ಪಟ್ಟೇ ದುಡಿಯೋರು, ಅವರಿಲ್ದಿದ್ರೆ ನನ್ನ ತಮ್ಮನ ಜೀಪು ಓಡ್ತಾನೇ ಇರಲಿಲ್ಲ. ಹಳೇ ಕಬ್ಬಿಣ ಕರಗಿಸಿದ್ರೆ ಅಷ್ಟು ಅದಿರು ಭೂಮೀಲಿ ಉಳೀತದೆ. ಮಾರ್ಲೇಬ್ಯಾಡಿ ಅಂತ ನಾನು ಹೇಳ್ತಿಲ್ಲ. ಕೇಳಿ ಮಾರಿ ಅಂತೀನಿ.

ನಮ್ಮ ಮನೇಲಿ ಆಗಿದ್ದೂ ಅದೇ. ಭಾವ, ಮೈದುನ ಎಲ್ಲಾ ಸೇರಿದ ದಿನ ಎಂಜಿನ್ ಮಾತು ಬಂತು. ನಾನು, ವಾರಗಿತ್ತಿ ಇಬ್ಬರೂ, “ಅತ್ತೆಮ್ಮನ್ನ ಕೇಳಿ” ಅಂದ್ವಿ. ಎಲ್ರೂ ಅವರು ಅಳ್ತಾರೆ, ಬ್ಯಾಡ ಅಂತಾರೆ ಅಂದ್ಕೊಂಡಿದ್ರು. ಅತ್ತೆಮ್ಮ ಎಲೆ ಅಡಿಕೆ ಹಾಕ್ಕೊಂತಾ, “ಮಾರ್ರಪ್ಪ, ಅದೇನು ದೇವರಾ? ಆದ್ರೆ ಆ ದುಡ್ಡು ನನ್ನ ಸರದ್ದು. ನನ್ನ ಮಗಳಿಗೆ, ಸೊಸೆಯರಿಗೆ ಸಮನಾಗಿ ಕೊಡಿ” ಅಂದ್ರು. ಯಾರೂ ಎದುರು ಮಾತಾಡಲಿಲ್ಲ. ಬಂದಿದ್ದು ಬಂಗಾರ ಆಗೋಷ್ಟೇನಲ್ಲ. ನಾದಿನಿ ಆ ದುಡ್ಡಲ್ಲಿ ಬೆಳ್ಳಿ ಕಾಲುಂಗುರ ತಗೊಂಡ್ಲು. ಅದನ್ನ ನೋಡಿದಾಗೆಲ್ಲ, “ಇದು ನಮ್ಮಮ್ಮನ ಎಂಜಿನ್ನು” ಅಂತಾಳೆ.

ಅದಕ್ಕೇ ನನ್ನ ನಾಲ್ಕು ಮಾತು ಕೇಳಿ. ಗುಜರಿ ಗಾಡಿ ಬಂದಾಗ ಒಳಗೆ ಕೂರಬ್ಯಾಡಿ, ಹೊರಗೆ ಬನ್ನಿ. ಮೋಟಾರನ್ನ ಇಡಿಯಾಗಿ ಕಬ್ಬಿಣದ ರೇಟಿಗೆ ಕೊಡಬ್ಯಾಡಿ, ಒಳಗಿನ ವೈಂಡಿಂಗ್ ತಾಮ್ರ, ತಾಮ್ರದ ರೇಟೇ ಬೇರೆ. ಬೀಡು, ಹಿತ್ತಾಳೆ ಬೇರೆ ಬೇರೆ ತೂಗಿಸಿ. ಜೀಪು, ಕಾರು, ಸ್ಕೂಟರ್ ಆದ್ರೆ ಆರ್‌ಸಿ ಪುಸ್ತಕ ಸುಮ್ನೆ ಅವರ ಕೈಗೆ ಕೊಟ್ಟು ಕಳಿಸಬ್ಯಾಡಿ. ಗಾಡಿ ಒಡೆಸಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸ್ಬೇಕು ಅಂತ ಕಾನೂನೈತೆ, ನಮ್ಮ ಕಡೆಯೋರಿಗೆ ಮಧುಗಿರೀಲೇ ಆಫೀಸೈತೆ. ಇಲ್ದಿದ್ರೆ ನಾಳೆ ಯಾರಾದ್ರೂ ಆ ನಂಬರಲ್ಲಿ ಏನಾದ್ರೂ ಮಾಡಿದ್ರೆ ಬಾಗಿಲು ತಟ್ಟೋದು ನಮ್ಮನೇದೇ. ಊರಿಗೊಂದು ಎಂಜಿನ್ನಾದ್ರೂ ಸ್ಕೂಲ್ ಅಂಗಳದಲ್ಲಿ ಕಟ್ಟೆ ಕಟ್ಟಿ ಇಡಿಸಿ, ನೀರು ಎಷ್ಟು ಮೇಲಿತ್ತು ಅಂತ ಮಕ್ಕಳಿಗೆ ಗೊತ್ತಾಗಲಿ.

ಎಲ್ಲಕ್ಕಿಂತ ಮುಂಚೆ ಮನೇಲಿರೋ ಹಿರೇ ಹೆಂಗಸನ್ನ ಕೇಳಿ, “ಇದು ಯಾವ ದುಡ್ಡಲ್ಲಿ ಬಂತಮ್ಮ?” ಅಂತ. ಅವರು ಹೇಳಿದ್ದನ್ನ ಒಂದು ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಬೇಕಾದ್ರೆ ತಕ್ಕಡಿಗೆ ಹಾಕಿ.