ಕೊಂಬೆ ಕಡಿಯಲು ಅಷ್ಟು ದುಡ್ಡೇಕೆ?

ಏಪ್ರಿಲ್ ಕೊನೆಯಲ್ಲಿ ಮೊದಲ ಗುಡುಗು ಕೇಳಿಸುವವರೆಗೂ ಮನೆ ಮುಂದಿನ ಮರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಯವರೆಗೆ ಅದು ನೆರಳು, ಉಪ್ಪಿನಕಾಯಿಯ ಮಿಡಿ, ಹಬ್ಬಕ್ಕೆ ತೋರಣ. ಒಂದು ಸಂಜೆ ಗಾಳಿ ಬೀಸಿ, ಹಿಂದಿನ ರಸ್ತೆಯಲ್ಲಿ ಗುಲ್‌ಮೊಹರ್ ಒಂದು ಕಾರಿನ ಮೇಲೆ ಮಲಗಿತೆಂಬ ಸುದ್ದಿ ಬರಲಿ, ಮರುದಿನ ಬೆಳಿಗ್ಗೆ ಮನೆಮಂದಿಯೆಲ್ಲ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ. ಬೆಂಗಳೂರಿನ ಜಯನಗರ, ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಗೃಹಪ್ರವೇಶದ ವರ್ಷ ನೆಟ್ಟ ಮಾವಿನ ಸಸಿ ಈಗ ಮಹಡಿಯನ್ನೂ ಮೀರಿದೆ. ಒಂದು ಪಕ್ಕ ನೆರೆಯವರ ಶೀಟಿನ ಛಾವಣಿ, ಇನ್ನೊಂದು ಪಕ್ಕ ಕರೆಂಟಿನ ತಂತಿ. ಕೆಳಗೆ ನೀರಿನ ಸಂಪು.

ಸರಿ, ಮರ ಸವರುವವನನ್ನು ಕರೆಸುತ್ತೀರಿ. ಆಮೇಲೆ ನಡೆಯುವ ಮಾತುಕತೆ ಎಲ್ಲ ಮನೆಗಳಲ್ಲೂ ಒಂದೇ.

‘ಎಷ್ಟಾಗುತ್ತಪ್ಪ?’

‘ಹನ್ನೆರಡು ಸಾವಿರ ಆಗುತ್ತಮ್ಮ.’

‘ಏನು, ನಾಲ್ಕು ಕೊಂಬೆ ಕಡಿಯೋಕೆ ಹನ್ನೆರಡು ಸಾವಿರಾನಾ? ಮೊನ್ನೆ ಬಂದವನು ನಾಲ್ಕಕ್ಕೇ ಒಪ್ಪಿದ್ದ.’

‘ಹಾಗಾದ್ರೆ ಅವನ ಕೈಲೇ ಮಾಡಿಸ್ಕೊಳ್ಳಿ ಅಮ್ಮ.’

ಈ ಹನ್ನೆರಡು ಸಾವಿರದವನು ಸುಲಿಗೆಕೋರನೇ? ನಾಲ್ಕು ಸಾವಿರದವನು ಧರ್ಮಾತ್ಮನೇ? ಕೂತು ಲೆಕ್ಕ ಹಾಕೋಣ. ಊರೂರಿಗೆ ದರ ಬೇರೆ, ಸಾಮಾನ್ಯ ಕೂಲಿ ದಿನಕ್ಕೆ 1000 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳಿ. ಮರದ ಮೇಲಿರುವವನಿಗೆ ಅದರ ಎರಡು ಪಟ್ಟು ಕೊಡಬೇಕು, 2000. ಕಡಿದ ಕೊಂಬೆಗೆ ಹಗ್ಗ ಕಟ್ಟಿ, ಅದು ಧೊಪ್ಪನೆ ಬೀಳದಂತೆ ಮೆಲ್ಲಗೆ ಇಳಿಸುವವರು ಇಬ್ಬರು, 2000. ಕೆಳಗೆ ಜನರನ್ನು ತಡೆದು, ಇಳಿದದ್ದನ್ನು ತುಂಡು ಮಾಡಿ ರಾಶಿ ಹಾಕುವವನೊಬ್ಬ, 1000. ಯಂತ್ರದ ಗರಗಸ, ಅದರ ಪೆಟ್ರೋಲು, ಸವೆಯುವ ಹಗ್ಗ ಎಲ್ಲ ಸೇರಿ 1500. ಸೊಪ್ಪು, ಸೌದೆ ಸಾಗಿಸಲು ಟೆಂಪೋ ಎರಡು ಟ್ರಿಪ್, 3000. ಅಲ್ಲಿಗೆ 9500 ಆಯಿತು. ಉಳಿದ ಎರಡೂವರೆ ಸಾವಿರ ಮೇಸ್ತ್ರಿಯದು. ಅದರಲ್ಲೇ ಅವನು ಮೊದಲು ಬಂದು ನೋಡಿ ಹೋದದ್ದು, ಮಳೆ ಬಂದು ಕೆಲಸ ನಿಂತ ದಿನ, ರಿಪೇರಿಗೆ ಹೋದ ಗರಗಸ ಎಲ್ಲವೂ ಸೇರಬೇಕು.

ಈಗ ನಾಲ್ಕು ಸಾವಿರದವನು ಈ ಪಟ್ಟಿಯಲ್ಲಿ ಯಾವುದನ್ನು ಬಿಟ್ಟಿದ್ದಾನೆ, ನೋಡಿ. ಮರ ಹತ್ತುವವನನ್ನಂತೂ ಬಿಡುವ ಹಾಗಿಲ್ಲ. ಬಿಟ್ಟಿರುವುದು ಹಗ್ಗ ಹಿಡಿಯುವ ಇಬ್ಬರನ್ನು ಮತ್ತು ಟೆಂಪೋವನ್ನು. ಟೆಂಪೋ ಇಲ್ಲದಿದ್ದರೆ ಸೊಪ್ಪು ನಿಮ್ಮ ಗೇಟಿನ ಮುಂದೆ ಒಂದು ವಾರ ಒಣಗುತ್ತದೆ, ಅಷ್ಟೇ. ಹಗ್ಗ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಲೆಕ್ಕ ಬೇಕು.

ಹಸಿ ಮರದ ತೂಕ ನೀರಿನ ತೂಕಕ್ಕಿಂತ ಸ್ವಲ್ಪ ಕಡಿಮೆ ಎಂದುಕೊಂಡರೆ ಸಾಕು. ಒಂದು ಅಡಿ ಅಡ್ಡಳತೆಯ, ಹತ್ತು ಅಡಿ ಉದ್ದದ ಕೊಂಬೆ ಸುಮಾರು 200 ಕೆ.ಜಿ. ತೂಗುತ್ತದೆ. ಅಡ್ಡಳತೆ ಎರಡು ಅಡಿಯಾದರೆ ತೂಕ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂದರೆ 800 ಕೆ.ಜಿ., ಹಳೆಯ ಮಾರುತಿ 800 ಕಾರಿಗಿಂತ ಭಾರ! ಅದು ಇಪ್ಪತ್ತು ಅಡಿ ಎತ್ತರದಿಂದ ನಿಮ್ಮ ಸಂಪಿನ ಮುಚ್ಚಳದ ಮೇಲೆ ಇಳಿಯುವುದನ್ನು ಊಹಿಸಿಕೊಳ್ಳಿ. ಬಯಲಿನಲ್ಲಿ ನಿಂತ ಮರಕ್ಕೆ ಕಡಿಮೆ ಹೇಳಿದ ಮೇಸ್ತ್ರಿಯೇ ನಿಮ್ಮ ಮರಕ್ಕೆ ಮೂರು ಪಟ್ಟು ಹೇಳುವುದು ಇದೇ ಕಾರಣಕ್ಕೆ. ಕಡಿಯುವುದು ಸುಲಭ ಸ್ವಾಮಿ, ಇಳಿಸುವುದು ಕಷ್ಟ. ನೀವು ದುಡ್ಡು ಕೊಡುವುದು ಇಳಿಸುವುದಕ್ಕೆ.

ಕಡಿಮೆ ದರದ ಇನ್ನೊಂದು ಗುಟ್ಟು ‘ಸೌದೆ ನಮಗೇ ಬಿಟ್ಟುಬಿಡಿ’ ಎಂಬ ಮಾತಿನಲ್ಲಿದೆ. ಕೇಳಲು ಚೆಂದ, ಕಸ ಸಾಗಿಸುವ ಕಷ್ಟವೂ ತಪ್ಪಿತು. ಆದರೆ ಕೂಲಿಯನ್ನು ಸೌದೆಯಲ್ಲಿ ಪಡೆಯುವವನು ಎಷ್ಟು ಕಡಿಯುತ್ತಾನೆ? ನಿಮಗೆ ಬೇಕಾದಷ್ಟನ್ನಲ್ಲ, ಅವನ ಕೂಲಿ ಗಿಟ್ಟುವಷ್ಟನ್ನು. ಛಾವಣಿಗೆ ತಾಗುವ ಒಂದು ಕೊಂಬೆ ತೆಗೆಯಲು ಹೇಳಿ ಆಫೀಸಿಗೆ ಹೋದವರು ಸಂಜೆ ಬಂದು ನೋಡಿದರೆ ಅಂಗಳದಲ್ಲಿ ಬೋಳು ಕಂಬವೊಂದು ನಿಂತಿರುತ್ತದೆ. ಮಾವು, ಹಲಸಿನ ದಪ್ಪ ದಿಮ್ಮಿಗೆ ಬೆಲೆ ಇದ್ದೇ ಇದೆ. ಅದನ್ನು ಕೊಡುವುದಿದ್ದರೆ ಕೊಡಿ, ಆದರೆ ಕೂಲಿಯ ಮಾತು ಬೇರೆ, ಸೌದೆಯ ಮಾತು ಬೇರೆ ಇರಲಿ.

ತಲೆ ಬೋಳಿಸಿದರೆ ಮರ ಸುಮ್ಮನಿರುವುದಿಲ್ಲ. ಎಲೆಗಳೇ ಅದರ ಅಡುಗೆಮನೆ. ಅಡುಗೆಮನೆ ಹೋದ ಗಾಬರಿಯಲ್ಲಿ ಕಡಿದ ತುದಿಯ ಸುತ್ತ ಪೊರಕೆಯಂತೆ ಹತ್ತಿಪ್ಪತ್ತು ಚಿಗುರು ಒಟ್ಟಿಗೆ ಬರುತ್ತವೆ. ‘ನೋಡಿ, ಎಷ್ಟು ಚೆನ್ನಾಗಿ ಚಿಗುರಿದೆ’ ಎಂದು ನಾವು ಸಂತೋಷಪಡುತ್ತೇವೆ. ಈ ಚಿಗುರುಗಳ ಬೇರು ಮರದ ಒಳಗಿಲ್ಲ, ತೊಗಟೆಯ ಕೆಳಗಿನ ಹೊರಪದರಕ್ಕೆ ಅಂಟಿಕೊಂಡಿರುತ್ತವೆ. ಕೆಲವು ವರ್ಷಗಳಲ್ಲಿ ಅವು ತೋಳುಗಾತ್ರ ದಪ್ಪವಾಗುವ ಹೊತ್ತಿಗೆ ಕೆಳಗಿನ ಕಡಿದ ಭಾಗ ಕೊಳೆಯಲು ಶುರುವಾಗಿರುತ್ತದೆ. ಆಗ ಬೀಸುವ ಗಾಳಿಗೆ ಮುರಿದು ಬೀಳುವುದು ಇವೇ. ಹೀಗೆ ಅಗ್ಗದ ಕೆಲಸ ಮಾಡಿಸಿದವರು ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ.

ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಗಾಯಗಳನ್ನು ನೋಡಿದವರು. ಅವರು 1970ರ ದಶಕದಲ್ಲಿ ವಿವರಿಸಿದ ಸಂಗತಿ ಸರಳ: ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರ ಗಾಯದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಬಂಧಿಸುತ್ತದೆ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಅಂಗಿಯ ಕಾಲರಿನಂತೆ ಸ್ವಲ್ಪ ಉಬ್ಬಿದ ಭಾಗವೊಂದಿರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲಿ. ಆ ಉಬ್ಬಿಗೆ ತಾಗದಂತೆ, ಅದರ ಹೊರಗೆ ಕೊಯ್ಯಬೇಕು. ಕಾಂಡಕ್ಕೆ ಸಮನಾಗಿ ಹೆರೆಯಲೂ ಬಾರದು, ಒಂದು ಮೊಳ ಮೋಟು ಬಿಡಲೂ ಬಾರದು. ದಪ್ಪ ಕೊಂಬೆಯಾದರೆ ಮೊದಲು ಸ್ವಲ್ಪ ಆಚೆ ಕೆಳಗಿನಿಂದ ಒಂದು ಕೊಯ್ತ, ಅದಕ್ಕಿಂತಲೂ ತುಸು ಆಚೆ ಮೇಲಿನಿಂದ ಇನ್ನೊಂದು, ಭಾರ ಇಳಿದ ಮೇಲೆ ಉಬ್ಬಿನ ಹತ್ತಿರ ಮೂರನೆಯದು. ಇಲ್ಲವಾದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಟಾರು, ಪೇಂಟು ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ, ಆ ದುಡ್ಡು ಉಳಿಸಿ.

ಬಂದವನ ಕೈಗುಣ ತಿಳಿಯಲು ಇಷ್ಟು ಸಾಕು: ‘ಎಲ್ಲಿ ಕೊಯ್ತೀಯಪ್ಪ, ಬೆರಳಿಟ್ಟು ತೋರಿಸು’ ಎನ್ನಿ. ತೋರಿಸುವವನಿಗೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮಚ್ಚೊಂದನ್ನೇ ಹಿಡಿದು ಬಂದವನನ್ನು ಕಾಫಿ ಕೊಟ್ಟು ಕಳಿಸಿ.

ಕಾನೂನಿನ ಮಾತೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ನಿಮ್ಮ ಸ್ವಂತ ಅಂಗಳದ ಮರವಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ, ಬೋಳಿಸುವುದೂ ಅದರಲ್ಲಿ ಸೇರುತ್ತದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಮಾವು ಹಲಸಿಗೆ ಇದೆ ಎಂದು ಯಾರೋ ಹೇಳಿದರೆಂದು ನಂಬಿ ಕೂರಬೇಡಿ, ಅರ್ಜಿ ಕೊಟ್ಟು ಕೇಳಿ. ಅನುಮತಿ ಸಿಕ್ಕರೆ ಬದಲಿ ಸಸಿ ನೆಡುವ ಹೊಣೆಯೂ ನಿಮ್ಮದೇ. ಕಾಂಪೌಂಡಿನ ಆಚೆ ಇರುವ ಸಾಲುಮರ ನಿಮ್ಮದಲ್ಲ, ಪಾಲಿಕೆಯದು, ಅದಕ್ಕೆ ಮೇಸ್ತ್ರಿಯನ್ನು ಕರೆಯುವ ಹಕ್ಕೇ ನಿಮಗಿಲ್ಲ. ತಂತಿಯ ಪಕ್ಕದ ಕೊಂಬೆಯಾದರೆ ವಿದ್ಯುತ್ ಕಂಪನಿಗೆ ತಿಳಿಸಿ ಲೈನ್ ಆಫ್ ಆದದ್ದು ಖಾತ್ರಿಯಾದ ಮೇಲೆಯೇ ಕೆಲಸ. ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ.

ನಮ್ಮ ಲೆಕ್ಕದಲ್ಲಿ ಸೇರದೇ ಹೋದ ಒಂದು ಬಾಬ್ತು ಉಳಿದಿದೆ. ಮೇಲಿರುವವನು ಬಿದ್ದರೆ? ಹನ್ನೆರಡನ್ನು ನಾಲ್ಕಕ್ಕೆ ಇಳಿಸುವಾಗ ನಾವು ಚೌಕಾಸಿ ಮಾಡಿದ್ದು ಸೊಪ್ಪಿನ ಬೆಲೆಯನ್ನಲ್ಲ, ಅವನ ಸೊಂಟದ ಹಗ್ಗವನ್ನು. ಬರಿಗಾಲು, ಹೆಗಲಿಗೆ ಟವಲು, ಬಾಯಲ್ಲಿ ಬೀಡಿ: ಈ ವೇಷದಲ್ಲಿ ಮೂವತ್ತು ಅಡಿ ಮೇಲೆ ನಿಂತವನನ್ನು ಕೆಳಗಿನಿಂದ ನೋಡಿ ‘ಎಂಥ ಧೈರ್ಯ’ ಎಂದು ಮೆಚ್ಚುವುದು ನಮ್ಮ ಅಭ್ಯಾಸ. ಬಿದ್ದ ಮೇಲೆ ಆಸ್ಪತ್ರೆಯ ಬಿಲ್ಲು, ಅವನ ಮನೆಯ ಊಟ ಯಾರದು ಎಂಬ ಪ್ರಶ್ನೆಗೆ ಆ ಅಂಗಳದಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ತೆಂಗು ಹತ್ತುವವರಿಗಾದರೂ ಒಂದು ದಾರಿಯಾಗಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ’ ಎಂಬ ತರಬೇತಿ ಆರಂಭಿಸಿ, ಹತ್ತುವ ಯಂತ್ರದ ಬಳಕೆ ಕಲಿಸಿತು. ‘ಕೇರ ಸುರಕ್ಷಾ’ ಎಂಬ ವಿಮೆಯೂ ಅವರಿಗಿದೆ. ಮಾವು, ಹಲಸು, ಮಳೆಮರ ಹತ್ತುವವನಿಗೂ ಅಂಥದ್ದೇನಾದರೂ ಇದೆಯೇ ಎಂದು ಮೇಸ್ತ್ರಿಯನ್ನು ಕೇಳಿ. ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಬೆಲ್ಟು ಇಲ್ಲದೆ ಹತ್ತಿಸಬೇಡಿ ಎಂದು ಖಂಡಿತವಾಗಿ ಹೇಳಿ, ಅದಕ್ಕಾಗುವ ದುಡ್ಡನ್ನೂ ಕೊಡಿ.

ಖರ್ಚು ನಿಜಕ್ಕೂ ಉಳಿಯುವ ಜಾಗ ಬೇರೆ ಇದೆ. ಮರ ಎದೆಮಟ್ಟ ಇರುವಾಗಲೇ ಒಂದನ್ನೊಂದು ಉಜ್ಜುವ, ಗೋಡೆಯ ಕಡೆ ತಿರುಗಿದ ರೆಂಬೆಗಳನ್ನು ನೆಲದ ಮೇಲೆ ನಿಂತೇ ಕೈಗರಗಸದಿಂದ ತೆಗೆದರೆ ಖರ್ಚು ಸೊನ್ನೆ. ಮಾವಾದರೆ ಹಣ್ಣು ಮುಗಿದ ಮೇಲೆ ಸವರಿ, ಮುಂದಿನ ಹೂವಿಗೆ ಪೆಟ್ಟಿಲ್ಲ. ಗೂಡಿದ್ದರೆ ಮರಿ ಹಾರುವವರೆಗೆ ಕಾಯಿರಿ. ಬುಡಕ್ಕೆ ಸಿಮೆಂಟು ಬಳಿದಿದ್ದರೆ ಒಡೆಸಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಲು ಆದೇಶಿಸಿತ್ತು. ಬೇರಿಗೆ ಗಾಳಿ, ನೀರು ಸಿಗಲೆಂದೇ ಇದು. ಗಾರೆಯವನ ಅರ್ಧ ದಿನದ ಕೂಲಿಯಲ್ಲಿ ಮುಗಿಯುವ ಕೆಲಸ. ಗೇಟು, ಚರಂಡಿಗೆಂದು ಒಂದು ಪಕ್ಕದ ದಪ್ಪ ಬೇರುಗಳನ್ನು ಕತ್ತರಿಸಿದ ಮರ ಮಾತ್ರ ಯಾವ ಮೇಸ್ತ್ರಿಯ ಕೈಗೂ ಮೀರಿದ್ದು, ಅದು ಆ ಪಕ್ಕದ ಹಿಡಿತ ಕಳೆದುಕೊಂಡಿರುತ್ತದೆ.

ಒಪ್ಪಂದವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಯಾವ ಕೊಂಬೆ, ಸೌದೆ ಯಾರಿಗೆ, ಸೊಪ್ಪು ಯಾವಾಗ ಎತ್ತುತ್ತಾರೆ, ಹೆಂಚು ಶೀಟು ಒಡೆದರೆ ಯಾರ ಖರ್ಚು. ಮೂರನೆಯ ಒಂದು ಭಾಗದ ಹಣ ಸೊಪ್ಪು ಎತ್ತಿದ ಮೇಲೆ. ಅನುಮತಿ ಪಡೆದು ಪೂರ್ತಿ ಮರವನ್ನೇ ತೆಗೆಸುವುದಾದರೆ ಬೊಡ್ಡೆಯ ಮಾತನ್ನು ಮೊದಲೇ ಆಡಿಬಿಡಿ. ಹೇಳಿದ ದರದಲ್ಲಿ ಬೊಡ್ಡೆ ಕೀಳುವುದು ಸಾಮಾನ್ಯವಾಗಿ ಸೇರಿರುವುದಿಲ್ಲ, ಅದು ಇನ್ನೊಂದು ದಿನದ ಅಗೆತ. ಕಾಂಪೌಂಡಿನ ಪಾಯಕ್ಕೆ ಅಂಟಿಕೊಂಡ ಬೊಡ್ಡೆಯನ್ನು ಅಲ್ಲಿಯೇ ಬಿಟ್ಟು, ಮೇಲೆ ಒಂದು ಹೂಕುಂಡ ಇಡುವುದು ಲೇಸು.