ಕಲ್ಲಿನ ತಪ್ಪಲ್ಲ, ಪಾಲಿಶ್ ತಪ್ಪು

ಮೇನ್ ಬ್ಲಾಕ್ ಮುಂದಿರೋ ಕೆಂಪು ಗ್ರಾನೈಟ್ ಮೆಟ್ಟಿಲುಗಳನ್ನ ಈ ರಜೆಯಲ್ಲಿ ಕಿತ್ತು ಹಾಕ್ತಾರಂತೆ. ಅವುಗಳ ಜಾಗಕ್ಕೆ ಆಂಟಿ-ಸ್ಕಿಡ್ ಟೈಲ್ಸ್ ಬರುತ್ತಂತೆ. ನೋಟಿಸ್ ಇನ್ನೂ ಹಾಕಿಲ್ಲ, ಆದರೆ ಸ್ಯಾಂಪಲ್ ಟೈಲ್ಸ್ ಆಫೀಸಿನ ಗೋಡೆಗೆ ಒರಗಿಸಿಟ್ಟಿದ್ದನ್ನ ನಾವೇ ನೋಡಿ ಬಂದಿದ್ದೇವೆ.

ಕಾರಣ ಎಲ್ಲರಿಗೂ ಗೊತ್ತು. ಕಳೆದ ಮಳೆಗಾಲದಲ್ಲಿ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಇಂಟರ್ನಲ್ಸ್‌ಗೆ ಲೇಟಾಯ್ತು ಅಂತ ಓಡಿ ಬರುವಾಗ ಅಲ್ಲೇ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್. ನಾವು ಸರದಿ ಮೇಲೆ ಅವಳ ನೋಟ್ಸ್ ಬರೆದುಕೊಟ್ಟೆವು. ಅವಳಾದ ಮೇಲೂ ಇಬ್ಬರು ಬಿದ್ದಿದ್ದಾರೆ. ಹಾಗಾಗಿ ಏನಾದರೂ ಮಾಡಲೇಬೇಕು ಅನ್ನೋದರಲ್ಲಿ ನಮ್ಮದೇನೂ ತಕರಾರಿಲ್ಲ. ನಮ್ಮ ತಕರಾರು ಒಂದೇ: ತಪ್ಪು ಪಾಲಿಶಿನದ್ದು, ಶಿಕ್ಷೆ ಮಾತ್ರ ಕಲ್ಲಿಗೆ.

ಯೋಚನೆ ಮಾಡಿ. ಬಿಸಿಲಿದ್ದಾಗ ಅದೇ ಮೆಟ್ಟಿಲ ಮೇಲೆ ಯಾರಾದರೂ ಜಾರಿದ್ದು ನೋಡಿದ್ದೀರಾ? ನೀರು ಬಿದ್ದಾಗ ಮಾತ್ರ ತೊಂದರೆ. ಕನ್ನಡಿ ಥರ ಉಜ್ಜಿದ ಕಲ್ಲಿಗೂ ನಮ್ಮ ಶೂ ಸೋಲಿಗೂ ಮಧ್ಯೆ ನೀರು ಸಿಕ್ಕಿಕೊಂಡರೆ ಅದಕ್ಕೆ ಹೋಗೋಕೆ ದಾರಿ ಇರಲ್ಲ. ಕಾಲು ಕಲ್ಲನ್ನ ಮುಟ್ಟೋದೇ ಇಲ್ಲ, ನೀರಿನ ಮೇಲೆ ತೇಲುತ್ತೆ. ಗಾಡಿ ಟೈರ್ ಸವೆದು ನುಣ್ಣಗಾದರೆ ಮಳೆಯಲ್ಲಿ ಸ್ಕಿಡ್ ಆಗೋದೂ ಹೀಗೇ. ಟೈರಿಗೆ ಗಾಡಿ ಬಿಡೋದು ಯಾಕೆ ಅಂತ ನಮಗೆಲ್ಲ ಗೊತ್ತು. ಮೆಟ್ಟಿಲಿಗೆ ಮಾತ್ರ ಯಾಕೆ ಬೇಡ?

ಇನ್ನು ಕಲ್ಲಿನ ವಿಷಯ. ನಮ್ಮ ಮೆಟ್ಟಿಲಿನದ್ದು ಇಳಕಲ್ ಕೆಂಪು ಗ್ರಾನೈಟ್. ಇಳಕಲ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಸೀರೆ. ಆದರೆ ಕಲ್ಲಿನ ವ್ಯಾಪಾರದವರಿಗೆ ಆ ಹೆಸರು ಅಂದ್ರೆ ಕೆಂಪು ಕಲ್ಲು. ಇನ್ನೊಂದು ಗೊಂದಲವೂ ಇದೆ. ಅದೇ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳೂ ಕೆಂಪು, ಹಾಗಾಗಿ ಎರಡೂ ಒಂದೇ ಕಲ್ಲು ಅಂತ ನಾವೂ ಅಂದುಕೊಂಡಿದ್ದೆವು. ಅಲ್ಲ. ಬಾದಾಮಿಯದ್ದು ಮರಳುಗಲ್ಲು, ಅಂದ್ರೆ ಮರಳು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಮೆತ್ತಗಿರುತ್ತೆ, ಕೆತ್ತೋಕೆ ಸುಲಭ. ಗ್ರಾನೈಟ್ ಭೂಮಿಯ ಒಳಗೆ ಶಿಲಾರಸ ನಿಧಾನವಾಗಿ ಆರಿ ಹುಟ್ಟಿದ್ದು. ಅದಕ್ಕೇ ಅದರ ಹರಳುಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಮುಂದಿನ ಸಲ ಮೆಟ್ಟಿಲ ಮೇಲೆ ಕೂತಾಗ ಬಗ್ಗಿ ನೋಡಿ. ಗಾಜಿನ ಥರ ಬೂದು ಬಣ್ಣದ್ದು ಕ್ವಾರ್ಟ್ಜ್. ಕಪ್ಪು ಚುಕ್ಕೆಗಳಲ್ಲಿ ಹೆಚ್ಚಿನವು ಮೈಕಾ. ಉಳಿದ ಕೆಂಪೆಲ್ಲ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್. ಅದರೊಳಗೆ ಸಿಕ್ಕಿಕೊಂಡಿರೋ ಕಬ್ಬಿಣದ ಆಕ್ಸೈಡಿನ ಸಣ್ಣ ಸಣ್ಣ ಕಣಗಳೇ ಆ ಕೆಂಪಿಗೆ ಕಾರಣ.

ಇದನ್ನ ಯಾಕೆ ಹೇಳ್ತಿದ್ದೇವೆ ಅಂದ್ರೆ, ಈ ಬಣ್ಣ ಮೇಲೆ ಬಳಿದದ್ದಲ್ಲ. ಬೆಂಗಳೂರಿನ ಅಠಾರಾ ಕಚೇರಿಯ ಕೆಂಪು ಬಣ್ಣ ಬಳಿದ ಕೆಂಪು. ಗ್ರಾನೈಟ್ ಲುಕ್ ಇರೋ ಟೈಲಿನದ್ದು ಮೇಲಿನ ಪದರದಲ್ಲಿ ಪ್ರಿಂಟ್ ಮಾಡಿದ ಚಿತ್ರ. ಮೆಟ್ಟಿಲಿನ ಅಂಚಲ್ಲಿ ಚಕ್ಕೆ ಎದ್ದರೆ ಒಳಗಿನ ಬೇರೆ ಬಣ್ಣ ಹೊರಗೆ ಬರುತ್ತೆ. ನಮ್ಮ ಕಲ್ಲನ್ನ ಮೇಲಿಂದ ಎರಡು ಮಿಲಿಮೀಟರ್ ಕೊರೆದರೂ ಕೆಳಗೆ ಅದೇ ಕೆಂಪು. ನಮ್ಮ ಇಡೀ ವಾದ ನಿಂತಿರೋದು ಇದರ ಮೇಲೆ. ಹೊಳಪು ತೆಗೆದರೆ ಹೋಗೋದು ಹೊಳಪಷ್ಟೇ, ಕಲ್ಲು ಹಾಗೇ ಇರುತ್ತೆ.

ಹೊಳಪು ತೆಗೆಯೋಕೆ ದಾರಿಗಳೂ ಇವೆ. ಹೊಸದಾಗಿ ಹಾಕೋ ಕಲ್ಲಾದರೆ ಫ್ಲೇಮ್ ಫಿನಿಶ್ ಕೇಳಬಹುದು. ಕಲ್ಲಿನ ಮೇಲೆ ಬೆಂಕಿಯ ಜ್ವಾಲೆ ಹಾಯಿಸ್ತಾರೆ. ಬಿಸಿಗೆ ಕ್ವಾರ್ಟ್ಜ್ ಪಕ್ಕದ ಹರಳುಗಳಿಗಿಂತ ಹೆಚ್ಚು ಹಿಗ್ಗುತ್ತೆ, 573 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದರ ರಚನೆಯೇ ಬದಲಾಗುತ್ತೆ. ಮೇಲಿನ ಪದರ ಪಟಪಟ ಅಂತ ಸಿಡಿದು ಒರಟಾಗುತ್ತೆ. ಈಗಾಗಲೇ ಕೂರಿಸಿರೋ ತೆಳು ಚಪ್ಪಡಿಗೆ ಇದು ಬೇಡ, ಬಿರುಕು ಬಿಡಬಹುದು. ಅದಕ್ಕೆ ಸರಳ ಉಪಾಯ ಪ್ರತಿ ಮೆಟ್ಟಿಲಿನ ಅಂಚಿಗೆ ಸಮಾನಾಂತರವಾಗಿ ಮೂರು ನಾಲ್ಕು ಗಾಡಿ ಹೊಡೆಯೋದು. ಎಷ್ಟೋ ಕಡೆ ಮೆಟ್ಟಿಲುಗಳಲ್ಲಿ ಈ ಗೆರೆಗಳನ್ನ ನೀವು ನೋಡಿಯೇ ಇರ್ತೀರಿ. ಡಿಸೈನ್ ಅಂತ ಅಂದುಕೊಂಡಿರಬಹುದು. ನೀರಿಗೆ ದಾರಿ, ಕಾಲಿಗೆ ಹಿಡಿತ, ಅದರ ಕೆಲಸ ಅದು.

ಟೈಲ್ಸ್ ಹಾಕಿದರೆ ತಪ್ಪೇನು ಅಂತ ಸೀನಿಯರ್ ಒಬ್ಬರು ಕೇಳಿದರು. ಒಳ್ಳೇ ಆಂಟಿ-ಸ್ಕಿಡ್ ಟೈಲ್ ಜಾರಲ್ಲ, ಅದನ್ನ ಒಪ್ಪುತ್ತೇವೆ. ಆದರೆ ಗಟ್ಟಿಯಾಗಿರೋ ಮೆಟ್ಟಿಲನ್ನ ಒಡೆದು, ಆ ಕಲ್ಲನ್ನ ಟ್ರ್ಯಾಕ್ಟರಿಗೆ ತುಂಬಿ ಎಲ್ಲೋ ಸುರಿದು, ಗೂಡಲ್ಲಿ ಸಾವಿರಕ್ಕೂ ಹೆಚ್ಚು ಡಿಗ್ರಿಯಲ್ಲಿ ಸುಟ್ಟ ಹೊಸ ಸರಕನ್ನ ತರೋದು ಯಾಕೆ? ಬಿಲ್ಡಿಂಗ್ ಮೆಟೀರಿಯಲ್ಸ್ ಲ್ಯಾಬಿನಲ್ಲಿ ನಾವು ಅದೇ ಮೆಟ್ಟಿಲಿನ ಒಡೆದ ಮೂಲೆಯ ತುಂಡನ್ನ 24 ಗಂಟೆ ನೀರಲ್ಲಿಟ್ಟು ತೂಗಿದೆವು. ಹೀರಿಕೊಂಡಿದ್ದು ಅರ್ಧ ಪರ್ಸೆಂಟೂ ಇರಲಿಲ್ಲ. ಇಷ್ಟು ವರ್ಷ ತುಳಿಸಿಕೊಂಡ ಮೇಲೂ ಹೀಗಿರೋ ಕಲ್ಲನ್ನ ‘ಹಳೇದಾಯ್ತು’ ಅಂತ ಹೇಗೆ ಹೇಳೋದು?

ಕೆಂಪು ಔಟ್‌ಡೇಟೆಡ್ ಅನ್ನೋ ಮಾತೂ ಬಂತು. ಇನ್‌ಸ್ಟಾದಲ್ಲಿ ಈಗ ಎಲ್ಲ ಮನೆಗಳೂ ಬಿಳಿ, ಬೂದು, ಬಿಸ್ಕೆಟ್ ಬಣ್ಣ. ಕೆಂಪು ಗ್ರಾನೈಟ್ ಅಂದ್ರೆ ಹಳೇ ಬ್ಯಾಂಕು, ಕಲ್ಯಾಣ ಮಂಟಪ. ನಿಜ, ನೆಲ, ಗೋಡೆ, ಕಂಬ ಎಲ್ಲಕ್ಕೂ ಅದನ್ನೇ ಮೆತ್ತಿ ಫಳಫಳ ಅನ್ನಿಸಿದರೆ ಕಣ್ಣಿಗೆ ಹೊಡೆಯುತ್ತೆ. ಆದರೆ ಬಿಳಿ ಗೋಡೆಯ ಮನೆಯಲ್ಲಿ ಒಂದು ಹೊಸ್ತಿಲು, ಒಂದು ಕಿಟಕಿ ಪಟ್ಟಿ, ಅಡುಗೆ ಕಟ್ಟೆ, ಜಗಲಿ, ಇಷ್ಟಕ್ಕೆ ಹೊಳಪಿಲ್ಲದ ಕೆಂಪು ಕಲ್ಲು ಹಾಕಿ ನೋಡಿ. ಅಡುಗೆ ಕಟ್ಟೆ ಮೇಲೆ ನಿಂಬೆಹುಳಿ ಚೆಲ್ಲಿದರೆ ಅಮೃತಶಿಲೆಗೆ ಕಲೆ ಆಗುತ್ತೆ, ಗ್ರಾನೈಟಿಗೆ ಏನೂ ಆಗಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಪರಿಹಾರಕ್ಕೂ ಬೆಲೆ ಇದೆ. ಅದನ್ನ ನಮಗೆ ತಿಳಿಸಿದ್ದು ಇಳಕಲ್ ಕಡೆಯಿಂದ ಬಂದ ನಮ್ಮ ಹಾಸ್ಟೆಲ್ ಗೆಳೆಯ. ನಾವು ಉತ್ಸಾಹದಲ್ಲಿ ಪ್ಲಾನ್ ಹೇಳ್ತಿದ್ದಾಗ ಅವನು, ‘ಗಾಡಿ ಹೊಡಿಯಾಂವ ಯಾರಲೇ? ಆ ಧೂಳು ಕುಡಿಯಾಂವ ಯಾರು?’ ಅಂದ. ಅವನ ಊರಲ್ಲಿ ಕಲ್ಲಿನ ಕೆಲಸ ಮಾಡಿ ಕೆಮ್ಮು ಹತ್ತಿಸಿಕೊಂಡವರನ್ನ ಅವನು ನೋಡಿದ್ದಾನೆ. ಗ್ರಾನೈಟಿನಲ್ಲಿರೋ ಕ್ವಾರ್ಟ್ಜ್ ಅಂದ್ರೆ ಸಿಲಿಕಾ. ಅದರ ಸಣ್ಣ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತೆ, ಬಂದರೆ ವಾಸಿಯಾಗಲ್ಲ. ಕ್ವಾರ್ಟ್ಜ್ ಪುಡಿಗೆ ರೆಸಿನ್ ಸೇರಿಸಿ ಮಾಡೋ ಕೃತಕ ಕಲ್ಲಲ್ಲಿ ಸಿಲಿಕಾ ಇನ್ನೂ ಹೆಚ್ಚು. ಕೆಲಸಗಾರರಿಗೆ ಈ ಕಾಯಿಲೆ ಬಂತು ಅಂತಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನ ನಿಷೇಧಿಸಿತು. ನಮ್ಮ ಮಣಿಕಟ್ಟು ಉಳಿಸೋಕೆ ಮೇಸ್ತ್ರಿಯ ಶ್ವಾಸಕೋಶ ಹಾಳು ಮಾಡೋದು ನ್ಯಾಯ ಅಲ್ಲ. ಹಾಗಾಗಿ ಒಣ ಕಟಿಂಗ್ ಬೇಡವೇ ಬೇಡ. ನೀರು ಹಾಯಿಸುತ್ತಲೇ ಕೊರೆಯಬೇಕು, ಕೆಲಸದವರಿಗೆ ಬಟ್ಟೆ ಮಾಸ್ಕ್ ಅಲ್ಲ, ಸರಿಯಾದ ರೆಸ್ಪಿರೇಟರ್ ಕೊಡಬೇಕು. ಮೆಟ್ಟಿಲು ಒಡೆದು ತೆಗೆಯುವಾಗಲೂ ಧೂಳು ಏಳುತ್ತೆ ಅನ್ನೋದನ್ನ ಮರೆಯೋದು ಬೇಡ.

ಪ್ರಿನ್ಸಿಪಾಲರಿಗೆ ಕೊಡೋಕೆ ಒಂದು ಪುಟದ ಮನವಿ ಬರೆದಿದ್ದೇವೆ. ಕೇಳಿರೋದು ಮೂರೇ. ಮೊದಲು ಕೆಳಗಿನ ಮೂರು ಮೆಟ್ಟಿಲಿಗೆ ಮಾತ್ರ ಗಾಡಿ ಹೊಡೆಸಿ ನೋಡಲಿ. ಒಂದು ಬಕೆಟ್ ನೀರು ಸುರಿದು ಎಲ್ಲರ ಎದುರು ನಡೆದು ಪರೀಕ್ಷೆ ಮಾಡಲಿ. ಆಮೇಲೂ ಜಾರಿದರೆ ಟೈಲ್ಸ್ ಹಾಕಲಿ, ನಾವು ಬಾಯಿ ಬಿಡಲ್ಲ.

ಮನವಿ ಕನ್ನಡ ಸಂಘದ ರೂಮಿನಲ್ಲಿದೆ. ಓದಿ, ಒಪ್ಪಿಗೆಯಾದರೆ ಸಹಿ ಮಾಡಿ. ಮೊದಲ ಸಹಿ ಬಿದ್ದು ಕೈ ಮುರಿದುಕೊಂಡವಳದ್ದೇ.